ನಮ್ಮ ಮನೆಯಲ್ಲಿ ಆದ ರಾಜಿ

ಪ್ರಿನ್ಸಿಪಾಲರು ಇಬ್ಬರು ಹುಡುಗರಿಗೂ ಟಿಸಿ ಬರೆಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಸಹಿಯೊಂದು ಬಾಕಿ.

ಎರಡು ಸಾವಿರದ ಇಸವಿ ಆಸುಪಾಸಿನ ಮಾತು. ನಂಜನಗೂಡಿನ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಎಕನಾಮಿಕ್ಸ್ ಮೇಷ್ಟ್ರು, ಜೊತೆಗೆ ಸ್ಟೂಡೆಂಟ್ ವೆಲ್‌ಫೇರ್ ಆಫೀಸರ್. ಹುಡುಗರ ಜಗಳ, ಸ್ಟ್ರೈಕು, ಹಾಸ್ಟೆಲ್ ದೂರು ಎಲ್ಲವೂ ನನ್ನ ತಲೆಗೆ.

ಆ ಸಲದ ಜಗಳ ಕಬಡ್ಡಿ ಟೀಮಿನದು. ಚೆಲುವರಾಜನನ್ನು ಕ್ಯಾಪ್ಟನ್ ಮಾಡಿದ್ದೆವು. ಅವನಷ್ಟು ಚೆನ್ನಾಗಿ ರೈಡ್ ಮಾಡುವ ಹುಡುಗ ನಮ್ಮಲ್ಲಿ ಇನ್ನೊಬ್ಬನಿರಲಿಲ್ಲ. ಅಪ್ಪನಿಗೆ ತಾಂಡ್ಯದ ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸ, ಮನೆ ಊರಾಚೆಯ ಕೇರಿಯಲ್ಲಿ.

ಹೆಮ್ಮರಗಾಲದ ಕಡೆಯ ಶಿವಮೂರ್ತಿ, ನಮ್ಮ ಜನದವನೇ, ಎಲ್ಲರೆದುರು ಅಂದುಬಿಟ್ಟ. "ಇವನ ಕೈಕೆಳಗೆ ನಾನು ಆಡಕಿಲ್ಲ ಸಾ."

ಗ್ರೌಂಡಿನಲ್ಲೇ ಹೊಡೆದಾಡಿಕೊಂಡರು. ಒಬ್ಬನ ತುಟಿ ಹರಿಯಿತು, ಇನ್ನೊಬ್ಬನ ಹುಬ್ಬು ಒಡೆಯಿತು.

"ಇಬ್ಬರನ್ನೂ ಕಳಿಸಿಬಿಡೋಣ ಕಣ್ರೀ, ಪೀಡೆ ತೊಲಗಲಿ" ಅಂದರು ಪ್ರಿನ್ಸಿಪಾಲರು. ಯಾವ ಗಲಾಟೆಗೂ ಅವರಲ್ಲಿ ಇದ್ದದ್ದು ಅದೊಂದೇ ಮದ್ದು.

ನಾನು ಒಂದು ವಾರ ಟೈಮ್ ಕೇಳಿದೆ. ಆಗಷ್ಟೇ ಮೈಸೂರಿನಲ್ಲಿ ನಮ್ಮಂಥವರಿಗೆಂದೇ ಮಾಡಿದ್ದ ಟ್ರೈನಿಂಗ್ ಮುಗಿಸಿ ಬಂದಿದ್ದೆ. ಶಿಕ್ಷೆ ಕೊಡಬೇಡಿ, ಎದುರುಬದುರು ಕೂರಿಸಿ ಮಾತಾಡಿಸಿ ಅಂತ ಹೇಳಿಕೊಟ್ಟಿದ್ದರು. ನನಗೆ ಅದು ಚೆನ್ನಾಗಿ ತಲೆಗೆ ಹತ್ತಿತ್ತು... ಸ್ವಲ್ಪ ಜಾಸ್ತಿಯೇ ಹತ್ತಿತ್ತು.

ಭಾನುವಾರ ಇಬ್ಬರನ್ನೂ ಮನೆಗೆ ಊಟಕ್ಕೆ ಕರೆದೆ.

ಬಂದರು. ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಹೆಂಡತಿ ತವರಿಗೆ ಹೋಗಿದ್ದಳು, ಅವ್ವನೇ ಅಡುಗೆ ಮಾಡಿದ್ದಳು. ಮೂವರಿಗೂ ಬಾಳೆಲೆ ಹಾಸಿ ಮುದ್ದೆ, ಅವರೆಕಾಳು ಸಾರು ಬಡಿಸಿದಳು.

ಬಡಿಸುತ್ತಾ ಶಿವಮೂರ್ತಿಯನ್ನು ಕೇಳಿದಳು, "ಯಾರ ಪೈಕಿಯಪ್ಪ ನೀನು?" ಅವನು ಅಜ್ಜನ ಹೆಸರು ಹೇಳಿದ. ದೂರದ ಯಾವುದೋ ನಂಟು ಸಿಕ್ಕಿತು, ಅವ್ವನ ಮುಖ ಅರಳಿತು.

"ನೀನಪ್ಪ?"

ಚೆಲುವರಾಜ ತಲೆಯೆತ್ತಿ ಹೇಳಿದ. "ನಾವು ಕೇರಿಯೋರು ಕಣವ್ವ."

ಸೌಟು ಒಂದು ಗಳಿಗೆ ನಿಂತಿತು. ಆಮೇಲೆ ಪಾಯಸ ಬಂತು. ಅವನ ಎಲೆಗೆ ಮಾತ್ರ ಸ್ವಲ್ಪ ಮೇಲಿನಿಂದ.

ನಾನು ನೋಡಿದೆ. ನೋಡಿ, ಸ್ಪೋರ್ಟ್ಸ್‌ಮನ್‌ಶಿಪ್ ಬಗ್ಗೆ ಜೋರಾಗಿ ಮಾತಾಡಲು ಶುರುಮಾಡಿದೆ.

ನಮ್ಮ ಮನೆಗಳಲ್ಲಿ ಉಂಡ ನೆಂಟರು ಎಲೆ ಎತ್ತುವ ಪದ್ಧತಿಯಿಲ್ಲ. ಊಟ ಮುಗಿದ ಮೇಲೆ ಅವ್ವ ಬಗ್ಗಿ ಶಿವಮೂರ್ತಿಯ ಎಲೆಗೆ ಕೈಹಾಕಿದಳು. ಚೆಲುವರಾಜನಿಗೆ ಹೇಳಿದಳು, "ನಿಂದು ನೀನೇ ಎತ್ಬುಡಪ್ಪ. ಹಿಂದ್ಗಡೆ ತಿಪ್ಪೆಗುಂಡಿ ಅದೆ."

ದನಿಯಲ್ಲಿ ಸಿಟ್ಟಿಲ್ಲ, ಗಡಸೂ ಇಲ್ಲ. ಕೈ ತೊಳಕೋ ಅಂದಷ್ಟು ಸಹಜವಾಗಿತ್ತು.

ಬೆಳಗ್ಗೆಯಿಂದ ನನ್ನ ಬಾಯಲ್ಲಿ ಎಷ್ಟೊಂದು ಮಾತುಗಳಿದ್ದವು. ಅವ್ವ ಅಂತ ಕೂಗಿ ತಡೆಯುವುದಕ್ಕೆ ಮಾತ್ರ ಆಗಲಿಲ್ಲ.

ಚೆಲುವರಾಜ ತನ್ನ ಎಲೆ ಮಡಚುತ್ತಿದ್ದಾನೆ. ಅಷ್ಟರಲ್ಲಿ ಶಿವಮೂರ್ತಿ ಅವ್ವನ ಕೈಯಿಂದ ತನ್ನ ಎಲೆ ಕಿತ್ತುಕೊಂಡ. "ಬುಡಿ ಅವ್ವ, ನಂದು ನಾನೇ ಎತ್ತೀನಿ."

ಆಮೇಲೆ ಚೆಲುವರಾಜನ ಮುಂದೆ ಕೈಚಾಚಿದ. "ತಾ ಇಲ್ಲಿ."

"ಬ್ಯಾಡ ಕಣೋ."

"ತಾರ್ಲಾ."

ಒಂದು ಎಲೆಯ ಮೇಲೆ ಇನ್ನೊಂದು ಇಟ್ಟುಕೊಂಡು ಹಿತ್ತಲಿಗೆ ನಡೆದ. ಇವನ ಕೈಕೆಳಗೆ ಆಡುವುದಿಲ್ಲ ಅಂದಿದ್ದ ಹುಡುಗ ಈಗ ಇವನ ಎಂಜಲೆಲೆ ಹೊತ್ತುಕೊಂಡು ಹೋಗುತ್ತಿದ್ದಾನೆ.

ನಾನು ನನ್ನ ಎಲೆ ಮುಂದೆ ಹಾಗೇ ಕೂತಿದ್ದೇನೆ. ಕೈ ಒಣಗುತ್ತಿದೆ.

"ಬತ್ತೀವಿ ಸಾ" ಅಂದು ಹೊರಟರು. ಇಬ್ಬರೂ ನನ್ನ ಮುಖ ನೋಡಲಿಲ್ಲ. ನಾನು ಮುಜುಗರ ಪಡಬಾರದು ಅಂತ ಇರಬೇಕು, ಅದು ಇನ್ನೂ ಕಷ್ಟವಾಯಿತು.

ಬಸ್ ಸ್ಟ್ಯಾಂಡ್ ಕಡೆಗೆ ಜೊತೆಯಲ್ಲೇ ನಡೆದು ಹೋದರು. ತಿರುವಿನಲ್ಲಿ ಶಿವಮೂರ್ತಿ ಏನೋ ಹೇಳಿದ, ಚೆಲುವರಾಜ ನಕ್ಕ.

"ಒಳ್ಳೆ ಹುಡುಗ್ರು ಕಣಪ್ಪ, ಇಬ್ರೂವೆ" ಅಂದಳು ಅವ್ವ. ಅವಳ ಮಟ್ಟಿಗೆ ಅಲ್ಲಿ ಏನೂ ಆಗಿರಲಿಲ್ಲ. ಅವಳೊಂದಿಗೆ ಆ ಮಾತು ಎತ್ತಬೇಕು ಅಂದುಕೊಂಡು ವರ್ಷಗಳೇ ಕಳೆದವು... ಅವಳೂ ಹೋದಳು.

ಪ್ರಿನ್ಸಿಪಾಲರು ಟಿಸಿ ಹರಿದು ಹಾಕಿದರು. ಚೆಲುವರಾಜನೇ ಕ್ಯಾಪ್ಟನ್, ಶಿವಮೂರ್ತಿ ಅವನ ಟೀಮಿನಲ್ಲಿ.

ಸ್ಟಾಫ್ ಮೀಟಿಂಗ್‌ನಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಹೇಗೆ ರಾಜಿ ಮಾಡಿಸಿದಿರಿ, ಎಲ್ಲರಿಗೂ ಹೇಳಿ ಅಂದರು. "ಊಟಕ್ಕೆ ಕರೆದಿದ್ದೆ ಸರ್, ಅಷ್ಟೇ" ಅಂದೆ. ಚಪ್ಪಾಳೆ ಬಿತ್ತು.

ಮುಂದೆ ಟಿ. ನರಸೀಪುರಕ್ಕೆ ವರ್ಗವಾದಾಗ ಈ ಕತೆ ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಹುಡುಗರು ಕಿತ್ತಾಡಿದರೆ ಸಾಕು, "ನಿಮ್ಮ ಮನೆ ಊಟ ಹಾಕ್ಸಿ ಸಾರ್, ಸರಿಹೋಯ್ತಾರೆ" ಅನ್ನುತ್ತಿದ್ದರು ಅಲ್ಲಿನ ಮೇಷ್ಟ್ರುಗಳು. ನಾನು ನಗುತ್ತಿದ್ದೆ.

ಅವತ್ತು ಆ ಇಬ್ಬರನ್ನು ಒಂದು ಮಾಡಿದ್ದು ನನ್ನ ಮನೆಯ ಊಟವಲ್ಲ, ನನ್ನ ಮನೆಯಲ್ಲಿ ಅವರಿಬ್ಬರಿಗೂ ಆದ ನಾಚಿಕೆ. ಚಪ್ಪಾಳೆ ನಡುವೆ ನಿಂತು ಇದನ್ನು ಹೇಳುವ ಧೈರ್ಯ ನಿಮಗೆ ಬರುತ್ತಿತ್ತಾ?