ರಾವಸಾಬರ ಕರಿತಲೆ ಸಿಪಿಲೆ

ಮಿರಜ ಕಡೆಯ ಕಸಬೆ ಡಿಗ್ರಜ ಊರಿನ ರಾವಸಾಬರಿಗೆ ಅರವತ್ತರ ಹತ್ತಿರ ಒಂದು ಹುಚ್ಚು ಹಿಡಿಯಿತು. ಮಗಳು ಕೊಡಿಸಿದ ದುರ್ಬೀನು ಕೊರಳಿಗೆ ಹಾಕಿಕೊಂಡು, ಬೆಳಗಾದರೆ ಹೊಲದ ಕಾಲುವೆ ಬದುವಿನ ಮೇಲೆ ಕೂತು ಬಾಲ ಕುಣಿಸುವ ಸಿಪಿಲೆಗಳನ್ನು ನೋಡುವುದು. ಹಕ್ಕಿಯಲ್ಲಿ ಅಷ್ಟೇನು ನೋಡುವುದು ಅನ್ನಬೇಡಿ. ಹಳದಿ ಸಿಪಿಲೆಯಲ್ಲೇ ಹಲವು ಪಂಗಡ. ತಲೆ ತಿಳಿಬೂದು, ಮೇಲೆ ಬಿಳಿ ಹುಬ್ಬು ಇದ್ದರೆ ಒಂದು. ಹುಬ್ಬಿಲ್ಲದೆ ಕಡುಬೂದಾದರೆ ಇನ್ನೊಂದು. ನೆತ್ತಿಯಿಂದ ಹೆಗಲತನಕ ಮಿರಿಮಿರಿ ಕಪ್ಪಾದರೆ ಅದು ಕರಿತಲೆ. ಚಳಿಗಾಲದಲ್ಲಿ ಎಲ್ಲಕ್ಕೂ ಒಂದೇ ಕೆಸರುಬಣ್ಣ, ತಲೆ ಕೆಳಗಾಗಿ ನಿಂತರೂ ಗುರುತು ಸಿಗದು. ಮಾರ್ಚಿನಲ್ಲಿ ಹೊಸ ಗರಿ ಬಂದಾಗಲೇ ಕುಲ ಬಯಲಾಗುವುದು. ಆಮೇಲೆ ಸ್ವಲ್ಪ ದಿನಕ್ಕೆ ಅವು ಉತ್ತರಕ್ಕೆ ಹೊರಟುಬಿಡುತ್ತವೆ.

ಈ ವರ್ಷ ಕುಂಟುಗಾಲಿನ ಒಂದು ಗಂಡು ಅವರನ್ನು ಕಾಡತೊಡಗಿತು. ನೆತ್ತಿಯಲ್ಲಿ ಕರಿ ಚುಕ್ಕೆಗಳು ಮೂಡುತ್ತಿದ್ದವು. ಕರಿತಲೆಯೋ, ಕಡುಬೂದೋ? ಡಿಗ್ರಜದಲ್ಲಿ ಕರಿತಲೆಯನ್ನು ಅವರು ಕಂಡೇ ಇರಲಿಲ್ಲ. ಗರಿ ಬಲಿಯುವುದನ್ನು ನೋಡಲೇಬೇಕೆಂದು ಮಿರಜಿನ ಮಗಳ ಮನೆಗೆ ಹೋಗುವುದನ್ನೂ ಮುಂದೂಡಿದರು.

"ಹೆಣ್ಣ ನೋಡಾಕ ಬಂದಾಗ ನನ್ನ ಮಾರಿ ಇಷ್ಟ ನೋಡಿರಲಿಲ್ಲ ನೀವು," ಎಂದು ಹೆಂಡತಿ ಇಂದುಬಾಯಿ ಚುಚ್ಚಿದಳು.

ಅಷ್ಟರಲ್ಲಿ ಅವರ ಕಬ್ಬು ಕಡಿಯುವ ಸರದಿ ಬಂತು. ಗಾಳಿಗೆ ಬಿದ್ದು ಹೆಣೆದುಕೊಂಡ ಕಬ್ಬು. ರವದಿ, ಅಂದರೆ ಕಬ್ಬಿನ ಒಣ ಎಲೆ, ಸುಡದೆ ಆಳುಗಳು ಒಳಗೆ ಕಾಲಿಡಲೊಲ್ಲರು.

"ಬೆಂಕಿ ಹಚ್ಚೂದರಿ ಮಾಲಕ. ಇಲ್ಲಾಂದ್ರ ಆಳಿನ ಟೋಳಿ ಬ್ಯಾರೆ ಕಡೆ ಹೋಗತೈತಿ," ಎಂದ ಆಳುಗಳ ಮುಕಾದಮ ಜ್ಯೋತೆಪ್ಪ.

ರಾವಸಾಬರು ಜೈನರು. ಇರುವೆ ಸಾಲು ಕಂಡರೆ ಸುತ್ತುಹಾಕಿ ಹೋಗುವವರು. ಯೋಚಿಸಿ ಯೋಚಿಸಿ ದಯೆಯ ದಾರಿಯೊಂದನ್ನು ಹುಡುಕಿದರು. "ಹಗಲ ಹಚ್ಚಬ್ಯಾಡ, ಹಕ್ಕಿ ಮೇಯತಿರತಾವ. ಹೊತ್ತ ಮುಣಗಿದ ಮ್ಯಾಲ ಎಲ್ಲಾ ಹಾರಿ ಹೋಗಿರತಾವ, ಆಗ ಹಚ್ಚು."

"ಹುಳಾ ಬೀಳತಾವಂತ ರಾತ್ರಿ ಒಲಿ ಹಚ್ಚಂಗಿಲ್ಲ ನಾವು. ಹೊಲಾ ಹಚ್ಚಸ್ತೀರಿ?" ಎಂದಳು ಇಂದುಬಾಯಿ.

"ಹಕ್ಕಿ ವಿಷಯ ನನಗ ಗೊತ್ತೈತಿ, ನೀ ಸುಮ್ಮಿರು."

ಏನು ಮಣ್ಣು ಗೊತ್ತಿತ್ತು? ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆತನ. ಸಂಜೆ ಊಟಕ್ಕೆಂದು ಅವರು ಮನೆಗೆ ಹೊರಡುವಾಗ ಸಿಪಿಲೆಗಳೂ ಕಾಲುವೆ ಬಿಟ್ಟು ಏಳುತ್ತಿದ್ದವು, ಅಷ್ಟನ್ನೇ ಅವರು ಕಂಡದ್ದು. ಆಮೇಲೆ ಅವು ಎಲ್ಲಿಗೆ ಹೋಗುತ್ತವೆಂದು ಒಂದು ದಿನವೂ ನಿಂತು ನೋಡಿದವರಲ್ಲ. ಊರ ಸುತ್ತಲಿನ ಸಿಪಿಲೆಗಳೆಲ್ಲ ರಾತ್ರಿ ಕಳೆಯಲು ಇಳಿಯುತ್ತಿದ್ದುದು ಅವರದೇ ಕಬ್ಬಿನೊಳಕ್ಕೆ. ಕತ್ತಲಾದ ಮೇಲೆ ಆಳುಗಳು ನಾಲ್ಕೂ ಕಡೆಯಿಂದ ಬೆಂಕಿ ಕೊಟ್ಟರು. ಆಗ ರಾವಸಾಬರು ಊಟ ಮುಗಿಸಿ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತಿದ್ದರು.

ಬೆಳಿಗ್ಗೆ ಹೊಲಕ್ಕೆ ಹೋದರೆ ಬೂದಿಯ ತುಂಬ ಸತ್ತ ಹಕ್ಕಿಗಳು.

"ಹೊತ್ತ ಮುಣಗೂವಾಗ ಹಿಂಡಹಿಂಡ ಇಳದೂವ್ರಿ ಮಾಲಕ," ಎಂದ ಜ್ಯೋತೆಪ್ಪ. "ಆದ್ರ ನೀವ ಹೇಳಿದ್ರಲ್ಲ, ಆಗನ ಹಚ್ಚು ಅಂತ."

ರಾವಸಾಬರು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಅಂಗೈಗೆ ಎತ್ತಿಕೊಂಡರು. ಹುಬ್ಬಿಲ್ಲ, ಹಳದಿಯಿಲ್ಲ. ಎಲ್ಲದರ ತಲೆಯೂ ಕಪ್ಪು. ಕುಂಟುಗಾಲಿನದು ಯಾವುದೆಂದು ಕೊನೆಗೂ ತಿಳಿಯಲಿಲ್ಲ.

ಆ ಸಂಜೆ ಇಂದುಬಾಯಿ ಹೊತ್ತು ಮುಳುಗುವ ಮುಂಚೆ ತಾಟು ಹಾಕಿ ಕಾದಳು. ರಾವಸಾಬರು ಮನೆಗೆ ಬರಲಿಲ್ಲ. ಸುಟ್ಟ ಹೊಲದ ಬದುವಿನ ಮೇಲೆ ಕೂತು, ಉಳಿದ ಸಿಪಿಲೆಗಳು ಇಳಿಯಲು ಜಾಗ ಸಿಗದೆ ಮೇಲೆ ಸುತ್ತುವುದನ್ನು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದರು.