ಒಂಬತ್ತು ಡಬ್ಬಿಗಳ ಮೆಕ್ಕೆಜೋಳ

ನಾನು ಶಹಾಬಾದಿನಲ್ಲಿ ಹಾಸುಗಲ್ಲಿನ ದಲಾಲಿ ಮಾಡುತ್ತಿದ್ದ ದಿನಗಳವು. ನಿಜಾಮರ ಆಳ್ವಿಕೆ ಮುಗಿದು ಎರಡೋ ಮೂರೋ ವರ್ಷವಾಗಿತ್ತು. ಮಾತಿನಿಂದಲೇ ಮನೆ ಕಟ್ಟಿಕೊಂಡವನು ನಾನು. ಎದುರಿಗೆ ಒಬ್ಬ ಮನುಷ್ಯನಿದ್ದರೆ ಸಾಕು, ಬೇಕಾದ್ದನ್ನು ಪಡೆದೇನು ಎಂಬ ಧೈರ್ಯವಿತ್ತು. ಮೂರು ತಿಂಗಳ ಬಸುರಿ ಹೆಂಡತಿ ಉಂಡದ್ದನ್ನೆಲ್ಲ ಕಾರಿಕೊಳ್ಳತೊಡಗಿದಾಗ ಆ ಧೈರ್ಯ ಕುಸಿಯಿತು.

"ಏನ್ ತಿನ್ನಬೇಕು ಅನಸ್ತದ ಹೇಳು, ತರ್ತೀನಿ," ಎಂದೆ.

"ಸುಟ್ಟ ಮೆಕ್ಕಿ ತೆನಿ. ಅದೊಂದು ಹೊಟ್ಯಾಗ ನಿಂದರ್ತದ ಅನಸ್ತದ ನೋಡ್ರಿ."

ಸಂಕ್ರಾಂತಿ ಹೊತ್ತಿಗೆ ಹಸಿ ತೆನೆ ಎಲ್ಲಿಯದು? ಚಿತ್ತಾಪುರ, ಸೇಡಂ, ಚಂದಾಪುರದ ಅಂಗಡಿಸಾಲು ಎಲ್ಲ ಸುತ್ತಿದೆ. ವಾಡಿ ಸ್ಟೇಷನ್ನಿನಲ್ಲಿ ರೈಲಿಳಿಯುವ ಬುಟ್ಟಿಗಳಲ್ಲೂ ಹಣಕಿ ನೋಡಿದೆ. ಇಲ್ಲದ ಮಾಲಿಗೆ ಚೌಕಾಶಿ ಮಾಡುವುದು ಹೇಗೆ? ಕೊನೆಗೆ ಸೇಡಂ ಕಡೆಯ ಮುಧೋಳದ ರೈತನೊಬ್ಬ ಬೀಜಕ್ಕೆಂದು ತೊಲೆಗೆ ಕಟ್ಟಿದ್ದ ಒಣ ತೆನೆಯೊಂದನ್ನು ಬಿಚ್ಚಿಕೊಟ್ಟ.

ನಮ್ಮ ಅಂಗಳವೆಲ್ಲ ಹಾಸುಗಲ್ಲು, ಹಿಡಿ ಮಣ್ಣಿಲ್ಲ. ಚಿಮಣಿ ಎಣ್ಣೆಯ ಒಂಬತ್ತು ಖಾಲಿ ಡಬ್ಬಿ ತಂದು, ಸುಟ್ಟು ತೊಳೆದು, ಎರೆಮಣ್ಣು ಗೊಬ್ಬರ ತುಂಬಿ ಬಿತ್ತಿದೆ. ಹೀಗೆ ಬೆಳೆಯುವವರಿಗೆ ಒಂದು ಮಾತು: ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆಯಿರಿ, ಎರೆಮಣ್ಣಿಗೆ ಮರಳು ಬೆರೆಸಿರಿ. ಇಲ್ಲವಾದರೆ ಬೇರು ಕೊಳೆಯುತ್ತದೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿರಬೇಕಾದದ್ದು ಗೊತ್ತಿರಲಿಲ್ಲ.

ಗಿಡಗಳು ನನ್ನೆತ್ತರ ಬಂದವು. ತುದಿಯಲ್ಲಿ ತುರಾಯಿಯಂಥ ಹೂ ಮೂಡಿದ ಮುಂಜಾನೆ, ಮಿಂದು ವಿಭೂತಿ ಧರಿಸಿದ್ದ ನಮ್ಮ ಅವ್ವ ಅದನ್ನು ಕಿತ್ತು ಅಂಗೈಯ ಲಿಂಗದ ಮೇಲಿಟ್ಟಳು.

"ಮನ್ಯಾಗ ಅರಳಿದ್ದು ಮೊದಲ ಲಿಂಗಕ್ಕ ಏರಬೇಕಪಾ. ಬಸರಿ ಬಯಕಿ ತೀರದಿದ್ರ ಕೂಸಿನ ಕಿವಿ ಸೋರ್ತಾವ. ದೇವರಿಗಿ ಕೇಳ್ಕೊಳ್ಳಾಕತ್ತೀನಿ."

ನಾನು ತಡೆಯಲಿಲ್ಲ. ಬದಲಿಗೆ ನನ್ನ ಜಾಣತನವನ್ನೂ ಸೇರಿಸಿದೆ: "ಕಡ್ಲಿ ಕುಡಿ ಚಿವುಟಿದ್ರ ಕಾಯಿ ಹೆಚ್ಚ ಹಿಡೀತಾವಲ್ಲ, ಹಂಗ ಇದು. ಎಲ್ಲಾನೂ ಕಿತ್ತಕೋ ಅವ್ವಾ, ಕೆಳಗ ಬಲ ಬರ್ತದ." ದಿನಕ್ಕೊಂದರಂತೆ ಹೊರಟ ಹೂಗಳೆಲ್ಲ ದಿನಕ್ಕೊಂದರಂತೆ ಪೂಜೆಗೆ ಹೋದವು.

ತೆನೆಗಳೇನೋ ಬಂದವು. ಯುಗಾದಿಯ ಹೊತ್ತಿಗೆ ಅವುಗಳ ಕೂದಲು ಕಂದಿತು. ಹೆಂಡತಿಗೆ ಆರು ತಿಂಗಳು. ವಾಂತಿ ನಿಂತಿರಲಿಲ್ಲ, ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ದಿನಾ ಡಬ್ಬಿಗಳ ಪಕ್ಕ ಕುಳಿತು ಒಂದೊಂದೇ ತೆನೆಯನ್ನು ಮುಟ್ಟಿ ನೋಡುತ್ತಿದ್ದಳು.

ಕೊಯ್ಯುವ ದಿನ ಕಾಯಿಪಲ್ಯೆ ಮಾರಲು ಬಂದ ಹೊಳೆದಂಡೆಯ ಮುದುಕಿ ಬುಟ್ಟಿ ಇಳಿಸಿ ನಿಂತಳು. ನಾನು ಮೊದಲ ತೆನೆಯ ಸಿಪ್ಪೆ ಸುಲಿದೆ. ಬೋಳು ದಿಂಡು, ಅಲ್ಲೊಂದು ಇಲ್ಲೊಂದು ಕಾಳು. ಎರಡನೆಯದೂ ಹಾಗೇ, ಮೂರನೆಯದೂ.

ಮುದುಕಿ ಗಿಡಗಳ ತುದಿ ನೋಡಿದಳು. "ಸಾವ್ಕಾರ, ಮ್ಯಾಲಿನ ಹೂ ಎಲ್ಲಿ?"

"ಪೂಜಿಗಿ ಕಿತ್ತೇವಿ."

"ಅಯ್ಯ ನಿಮ್ಮ! ಊರಿಗೆಲ್ಲ ಬುದ್ಧಿ ಹೇಳ್ತೀರಿ, ಮೆಕ್ಕಿಗಿ ಗಂಡ ಬ್ಯಾಡೇನ್ರಿ? ಆ ಹೂವಿನ ಪುಡಿ ಕೆಳಗಿನ ಕೂದಲಿಗಿ ಬಿದ್ರನೇ ಕಾಳ. ಗಂಡನ್ನ ದೇವರಿಗಿ ಕೊಟ್ಟು ಮಕ್ಕಳನ್ನ ಕೇಳಾಕತ್ತೀರಿ!" ಎಂದು ನಗತೊಡಗಿದವಳು ಅವ್ವನ ಮುಖ ನೋಡಿ ಬುಟ್ಟಿ ತಲೆಗೇರಿಸಿಕೊಂಡಳು.

ಅವ್ವ ಅಲ್ಲೇ ಕಲ್ಲಿನ ಮೇಲೆ ಕುಸಿದಳು. "ನನ್ನ ಕೈಲೇ ಹಾಳ ಮಾಡಿದೆನಲ್ಲವ್ವಾ." ಕಿತ್ತುಕೋ ಎಂದವನು ನಾನು. ಅದನ್ನು ಹೇಳುವ ಬದಲು ಸುಲಿದ ಸಿಪ್ಪೆ ಆಯತೊಡಗಿದೆ. ಇನ್ನೊಮ್ಮೆ ಬಿತ್ತೋಣವೆಂದರೆ, ಏಳನೇ ತಿಂಗಳಿಗೆ ಹೆಂಡತಿಯನ್ನು ತವರಿಗೆ, ಗುಂಡಗುರ್ತಿಗೆ, ಕಳಿಸಬೇಕು. ಕಾಲದ ಜೊತೆ ಚೌಕಾಶಿ ನಡೆಯುತ್ತದೆಯೇ?

ಹೆಂಡತಿಯೇ ಎದ್ದಳು. ಒಂಬತ್ತೂ ಗಿಡಗಳ ತೆನೆ ಸುಲಿದು, ಇದ್ದ ಕಾಳನ್ನೆಲ್ಲ ಉಗುರಿನಿಂದ ಬಿಡಿಸಿದಳು. ಒಂದು ಹಿಡಿಯೂ ಆಗಲಿಲ್ಲ. ಹಂಚಿನ ಮೇಲೆ ಹುರಿದುಕೊಂಡು, ಅವ್ವನೆದುರೇ ಕುಳಿತು ಒಂದೊಂದಾಗಿ ತಿಂದಳು.

"ಹೆಂಗ ಅವ ಕಾಳು?" ಅವ್ವ ಕೇಳಿದಳು.

"ಭಾಳ ರುಚಿ ಅವ ಅತ್ತಿ. ಜೀವ ತಣ್ಣಗಾತು."

ಅವ್ವ ಕಣ್ಣೊರೆಸಿಕೊಂಡು ಒಳಗೆ ಹೋದಳು. ಆಕೆ ಮರೆಯಾಗುವವರೆಗೆ ತಡೆದುಕೊಂಡಿದ್ದ ಹೆಂಡತಿ ಬಾಯಿಗೆ ಸೆರಗೊತ್ತಿ ಬಚ್ಚಲಿಗೆ ಓಡಿದಳು. ಅತ್ತೆಗೆ ಕೇಳಿಸಬಾರದೆಂದು ಸದ್ದು ನುಂಗುತ್ತ ಕಾರುತ್ತಿದ್ದಳು. ನಾನು ನೀರಿನ ತಂಬಿಗೆ ಹಿಡಿದು ಬಾಗಿಲ ಹೊರಗೆ ನಿಂತಿದ್ದೆ.