ಬಾಳ್ಯಾನ ಸರ್ಟಿಫಿಕೇಟು

ನಾಯಿಗೆ ಕಲಿಸುವ ವಿದ್ಯೆ ಎಲ್ಲಿ ಕಲಿತೆ ಎಂದು ಕೇಳಿದರೆ ಖಂಡಪ್ಪ, ನಾಯಿಗಳ ಹತ್ತಿರವೇ ಎನ್ನುತ್ತಿದ್ದ. ವಿಜಾಪುರದ ಕಡೆಯಿಂದ ಮುಂಬಯಿಗೆ ಬಂದು ಗೋರೆಗಾಂವದ ಬಿಲ್ಡಿಂಗುಗಳಿಗೆ ಹನ್ನೊಂದು ವರ್ಷ ಇಟ್ಟಂಗಿ ಹೊತ್ತವನು. ಬೆನ್ನು ಕೈಕೊಟ್ಟ ಮೇಲೆ ವಡಾಲದ ಒಂದು ಗೋದಾಮು ಸೇರಿ, ಅಲ್ಲಿನ ಐದು ಕಾವಲು ನಾಯಿಗಳನ್ನು ಒಂದೊಂದಾಗಿ ದಾರಿಗೆ ತಂದ. ಕೋಲು ಮುಟ್ಟಿದವನಲ್ಲ. 'ಕುಂದ್ರು' ಎಂದರೆ ಕೂರಬೇಕು, 'ಬ್ಯಾಡ' ಎಂದರೆ ಬಿಡಬೇಕು, ಪಾಠ ಅಷ್ಟೇ. ಐದೂ ನಾಯಿಗಳು ಚೆನ್ನಾಗಿ ಒಪ್ಪಿಸುತ್ತಿದ್ದವು. ನಮ್ಮ ಚಾಳಿನ ಮಕ್ಕಳು ಅದರಲ್ಲಿ ಅರ್ಧ ಒಪ್ಪಿಸಿದ್ದರೂ ಸಾಕಿತ್ತು.

ಐತವಾರ ಮಾತ್ರ ಪಾಠವಿಲ್ಲ. ಖಂಡಪ್ಪನ ಮನೆದೇವರು ಮೈಲಾರಲಿಂಗ. ನಾಯಿ ಆ ದೇವರ ಬಂಟ, ಐತವಾರ ಆ ದೇವರ ದಿನ. ಅಂದು ನಾಯಿಗೆ ಹುಕುಂ ಕೊಡುವ ಧೈರ್ಯ ಅವನಪ್ಪನಿಗೂ ಇರಲಿಲ್ಲ. ನೆಲದ ಮೇಲೆ ಕೂತು, ನಾಯಿಗಳ ಹಣೆಗೆ ಅರಿಸಿನದ ಭಂಡಾರ ಹಚ್ಚಿ, ಹಾಲುರೊಟ್ಟಿ ಇಟ್ಟು ಕೈಮುಗಿಯುತ್ತಿದ್ದ. ಮೂರು ಸಲ 'ಏಳುಕೋಟಿ' ಎಂದು ದೇವರ ಜೈಕಾರ ಕೂಗುವ ತನಕ ಒಂದು ನಾಯಿಯೂ ಬಾಯಿ ಹಾಕುತ್ತಿರಲಿಲ್ಲ.

ಎಪ್ಪತ್ಮೂರನೇ ಇಸವಿಯಲ್ಲಿ ಗೋದಾಮು ಕೈಬದಲಾಯಿತು. ಹೊಸ ಮಾಲೀಕರಿಗೆ ಎಲ್ಲದಕ್ಕೂ ಕಾಗದ ಬೇಕು. ಉಡುಪಿ ಕಡೆಯ ಮ್ಯಾನೇಜರ್ ಸದಾನಂದ ಖಂಡಪ್ಪನನ್ನು ಕರೆದರು. ನಾಯಿ ಸಾಕುವವರ ಸಂಘವೊಂದು ಪರೀಕ್ಷೆ ಇಟ್ಟಿದೆ, ಸರ್ಟಿಫಿಕೇಟು ಇದ್ದವರೇ ಇನ್ನು ನಾಯಿಗೆ ಕಲಿಸಬೇಕು ಎಂದರು.

"ಯಾವತ್ತರಿ ಸಾಹೇಬ್ರ?"

"ಬರುವ ಆದಿತ್ಯವಾರ."

"ಐತವಾರ ಆಗಂಗಿಲ್ರಿ."

"ನಿಮ್ಮ ದೇವರನ್ನು ಕೇಳಿ ಅವರು ಪರೀಕ್ಷೆ ಇಡುವುದಲ್ಲ ಮಾರಾಯ್ರೆ. ಒಮ್ಮೆ ಹೋಗಿ ಬನ್ನಿ."

ಮನೆಯಲ್ಲಿ ಹೆಂಡತಿ ಹನುಮವ್ವ ಇನ್ನೂ ನೇರವಾಗಿ ಕೇಳಿದಳು. "ನೌಕರಿ ಹೋದ್ರ ಮತ್ತ ಇಟ್ಟಂಗಿ ಹೊರಬೇಕು. ಈ ಬೆನ್ನೀಲೆ ಹೊರ್ತಿಯೇನು?"

ಖಂಡಪ್ಪನಿಗೆ ಹೆದರಿಕೆಯಾಗಿತ್ತು. ಬೆನ್ನಿಗಿಂತ ಹೆಚ್ಚಾಗಿ, ನಾಯಿಗಳನ್ನು ಬಿಟ್ಟಿರಬೇಕಲ್ಲ ಎಂದು.

ಐತವಾರ, ಐದು ನಾಯಿಗಳಲ್ಲಿ ಕಿವಿ ಹರಿದ ಬಾಳ್ಯಾನನ್ನು ಕರೆದುಕೊಂಡು ಮೈದಾನಕ್ಕೆ ಹೋದ. ಉಳಿದ ಶಿಕ್ಷಕರು ಬೂಟು ಹಾಕಿ, ಕೊರಳಿಗೆ ಸೀಟಿ ಕಟ್ಟಿಕೊಂಡು ಬಂದಿದ್ದರು. ಪರೀಕ್ಷಕರು ಮಿಲಿಟರಿಯಿಂದ ನಿವೃತ್ತರಾದವರು.

"ಆರ್ಡರ್ ದೋ," ಎಂದರು.

"ಆಜ್ ಇತವಾರ್ ಹೈ, ಸಾಬ್," ಎಂದು ಖಂಡಪ್ಪ ಕೈಮುಗಿದು ನೆಲದ ಮೇಲೆ ಕೂತ. ಬಾಳ್ಯಾನೂ ಕೂತ. ಪರೀಕ್ಷಕರು ಸೊನ್ನೆ ಬರೆದುಕೊಂಡರು.

ಆಮೇಲೆ ನಾಯಿಗಳ ಮುಂದೆ ಮಾಂಸದ ತಟ್ಟೆ ಇಟ್ಟು, ಶಿಕ್ಷಕರನ್ನು ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿದರು. ಐದು ನಿಮಿಷ ನಾಯಿ ಮುಟ್ಟಬಾರದು. ಎರಡನೇ ನಿಮಿಷಕ್ಕೆ ಒಂದು ಅಲ್ಸೇಶಿಯನ್ ನಾಯಿ ಸೋತಿತು, ಮೂರನೆಯದಕ್ಕೆ ಬಾಳ್ಯಾನನ್ನು ಬಿಟ್ಟು ಉಳಿದವೆಲ್ಲ ಸೋತವು. ಐದು ಮುಗಿಯಿತು, ಹತ್ತಾಯಿತು. ಪರೀಕ್ಷಕರು ತಾವೇ ತಟ್ಟೆಯನ್ನು ಹತ್ತಿರ ತಳ್ಳಿದರು. ಬಾಳ್ಯಾ ಜೊಲ್ಲು ಸುರಿಸುತ್ತ ಖಂಡಪ್ಪನನ್ನೇ ನೋಡುತ್ತಿದ್ದ. ಕೊನೆಗೆ ಖಂಡಪ್ಪನ ಕರುಳು ತಡೆಯಲಿಲ್ಲ. ಅಷ್ಟು ಜನರ ನಡುವೆ ಮೂರು ಸಲ ಏಳುಕೋಟಿ ಕೂಗಿದ. ತಟ್ಟೆ ಖಾಲಿಯಾಯಿತು.

ಬಂದ ಕಾಗದದಲ್ಲಿ ನಾಯಿ ಮೊದಲ ದರ್ಜೆ, ಶಿಕ್ಷಕ ನಾಪಾಸು.

ಮಾಲೀಕರು ನಿಯಮ ಮುರಿಯುವವರಲ್ಲ. ಸರ್ಟಿಫಿಕೇಟು ಇದ್ದವರೇ ಕಲಿಸಬೇಕು. ಅವರ ಮಾತಿನಂತೆ ಸದಾನಂದ, ಮುಖ ಮೇಲೆತ್ತದೆ, ಹಾಜರಿ ಪುಸ್ತಕದಲ್ಲಿ ಬರೆದರು: ಶಿಕ್ಷಕ, ಬಾಳ್ಯಾ. ಹೆಲ್ಪರ್, ಖಂಡಪ್ಪ.

"ಪಾಸಾದ್ಯಾ?" ಎಂದು ಹನುಮವ್ವ ಕೇಳಿದಳು.

"ಬಾಳ್ಯಾ ಆದ. ನೌಕರಿ ಉಳೀತು."

ನೌಕರಿ ಉಳಿದದ್ದಕ್ಕೆ ಸಂತೋಷವೇ. ಆದರೂ ಹೆಲ್ಪರ್ ಎಂಬ ಮಾತು ಅವನನ್ನು ವಾರವಿಡೀ ಚುಚ್ಚಿತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಐತವಾರ ಬಾಳ್ಯಾನ ಹಣೆಗೆ ಭಂಡಾರ ಹಚ್ಚಿ, ಹಾಲುರೊಟ್ಟಿ ಇಟ್ಟು, "ಉಣ್ರಿ, ಮಾಸ್ತರ್ರ" ಎಂದ.

ಬಾಳ್ಯಾ ತಟ್ಟೆಯ ಕಡೆ ನೋಡಲಿಲ್ಲ. ಖಂಡಪ್ಪನ ಬಾಯಿಯನ್ನೇ ನೋಡುತ್ತ ಕೂತ.